ಬಂಡೆ ಕುಡಿದ ವಿಷ: ಪಂಪು ಹೊಡೆದರೂ ಬಾರದು!

ಜೆಟ್ ಎಂಜಿನ್ನು ನೆಲಕ್ಕೆ ಬೋಲ್ಟು ಬಿಗಿಸಿಕೊಂಡು ಕೂತಿದೆ. ಅದಕ್ಕೋ, ತಾನು ಮುಗಿಲ ಮೇಲೆ ಹಾರುತ್ತಿದ್ದೇನೆ ಅನ್ನುವ ಭ್ರಮೆ. ಒಳಗೆ ನುಗ್ಗುವ ಗಾಳಿ ಅಷ್ಟು ತೆಳ್ಳಗೆ, ಅಷ್ಟು ತಣ್ಣಗೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್ ಟ್ರೆಂಟನ್‌ನಲ್ಲಿ ಅಲ್ಲಿನ ನೌಕಾಪಡೆ 1950ರ ದಶಕದಿಂದ 1998ರ ತನಕ ನಡೆಸಿದ ಕಸುಬು ಇದು. ವಿಮಾನ ಏರುವ ಮೊದಲೇ ಎಂಜಿನ್ನಿಗೆ ಆಕಾಶದ ಚಳಿ ತೋರಿಸಿ ಪರೀಕ್ಷೆ ಮಾಡುವುದು.

ಆ ಚಳಿಯನ್ನು ಹುಟ್ಟಿಸುವುದಕ್ಕೆ ಕೊಳವೆಗಳಲ್ಲಿ ಹರಿಸುತ್ತಿದ್ದ ದ್ರವದ ಹೆಸರು ಟ್ರೈಕ್ಲೋರೋಎಥಿಲೀನ್. ಬಾಯಿ ತಿರುಗದವರು ಟಿಸಿಇ ಅಂದರೆ ಸಾಕು. ಬೆಂಕಿ ಸುಲಭಕ್ಕೆ ಹತ್ತದು, ಜಿಡ್ಡನ್ನು ಕ್ಷಣದಲ್ಲಿ ಬಿಡಿಸುತ್ತದೆ, ಬೆಲೆಯೂ ಅಗ್ಗ. ಯಂತ್ರದ ಬಿಡಿಭಾಗ ತೊಳೆಯುವ ಕಾರ್ಖಾನೆಗಳಿಗೆಲ್ಲ ಒಂದು ಕಾಲಕ್ಕೆ ಇದು ಕಾಮಧೇನು. ಕೊಳವೆ ಸೋರಿತು, ಕೀಲು ಸೋರಿತು, ಚೆಲ್ಲಿತು. ನೆಲದ ಮೇಲೆ ಬಿದ್ದದ್ದು ಆರಿಹೋಗುತ್ತದೆ ಬಿಡು ಅಂತ ಜನ ನಂಬಿದ್ದ ಕಾಲ. ಒಂದಿಷ್ಟು ಆರಿಹೋಯಿತು, ನಿಜ. ಉಳಿದದ್ದು ಕೆಳಗಿಳಿಯಿತು.

ಇಳಿದದ್ದು ಎಲ್ಲಿಗೆ? ಅಲ್ಲಿಂದಲೇ ಕಥೆ ಶುರು.

ಸೀಮೆಎಣ್ಣೆ, ಪೆಟ್ರೋಲು ಭೂಮಿಗೆ ಸೋರಿದರೆ ಅಂತರ್ಜಲದ ಮೇಲೆ ತೇಲುತ್ತವೆ. ಬಾಚಿ ತೆಗೆಯುವುದು ಕಷ್ಟವಾದರೂ ಎಲ್ಲಿದೆ ಅಂತಲಾದರೂ ಗೊತ್ತಾಗುತ್ತದೆ. ಟಿಸಿಇ ಹಾಗಲ್ಲ. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ ಇದು ಒಂದೂವರೆ ಕಿಲೋಗೆ ಹತ್ತಿರ, 1.46. ನೀರನ್ನೇ ಸೀಳಿಕೊಂಡು ತಳಕ್ಕೆ ಹೋಗುತ್ತದೆ. ಕೂದಲೆಳೆಯಂಥ ಬಿರುಕು ಸಿಕ್ಕಿದರೂ ಸಾಕು, ನುಸುಳುತ್ತದೆ. ಜರ್ಮನಿಯ ಫ್ರೀಡ್ರಿಕ್ ಶ್ವಿಲ್ಲೆ ಎಂಬ ವಿಜ್ಞಾನಿ ಗಾಜಿನ ತೊಟ್ಟಿಗಳಲ್ಲಿ ಇದನ್ನು ಸುರಿದು ಅದು ಹೇಗೆ ಇಳಿಯುತ್ತದೆ ಅಂತ ಕಣ್ಣಿಗೆ ಕಾಣುವಂತೆ ತೋರಿಸಿದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ವೆಸ್ಟ್ ಟ್ರೆಂಟನ್‌ನ ಎಂಜಿನ್ನುಗಳು ಮೂವತ್ತು ವರ್ಷ ಗುಡುಗಿ ಆಗಿತ್ತು.

ಎಷ್ಟು ಚೆಲ್ಲಿದರೆ ಅಪಾಯ? ಕುಡಿಯುವ ನೀರಿನ ಒಂದು ಲೀಟರಿನಲ್ಲಿ 5 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ಅಮೆರಿಕದ ಕೇಂದ್ರ ಸರಕಾರದ ಮಿತಿ. ನ್ಯೂಜೆರ್ಸಿಯವರು ಇನ್ನೂ ಬಿಗಿ, ಅವರದು 1 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ. ಒಂದೇ ಒಂದು ಲೀಟರು ಟಿಸಿಇ, 29 ಕೋಟಿ ಲೀಟರು ನೀರನ್ನು ಕೇಂದ್ರದ ಮಿತಿಗೆ ತಂದು ನಿಲ್ಲಿಸಬಲ್ಲದು. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಸುಮಾರು 48 ಸಾವಿರ ಟ್ಯಾಂಕರು! ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಧರಿಸಿತು. ಮುಖ್ಯ ಸಾಕ್ಷಿ ಮೂತ್ರಪಿಂಡದ್ದು.

ಗಡಿಗೆಯ ವಾಸನೆ

ವೆಸ್ಟ್ ಟ್ರೆಂಟನ್‌ನ ನೆಲದಡಿ ಇರುವುದು ಮಡ್‌ಸ್ಟೋನ್, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲು. ವಯಸ್ಸು ಇಪ್ಪತ್ತು ಕೋಟಿ ವರ್ಷಕ್ಕೂ ಮೇಲೆ. ಹಾಸು ಹಾಸಾಗಿ, ಸ್ವಲ್ಪ ಓರೆಯಾಗಿ, ಪೇರಿಸಿಟ್ಟ ರೊಟ್ಟಿಗಳ ಹಾಗೆ ಕೂತಿದೆ. ನೀರು ಓಡಾಡುವುದೆಲ್ಲ ರೊಟ್ಟಿ ರೊಟ್ಟಿಯ ನಡುವಿನ ಸಂದಿನಲ್ಲಿ. ಬೋರ್‌ವೆಲ್ ಕೊರೆಸಿದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂದು ಸಿಕ್ಕರೆ ನೀರು, ಹತ್ತು ಮಾರು ಆಚೆ ಕೊರೆದರೆ ಬರೀ ಧೂಳು.

1990ರ ದಶಕದ ನಡುವಿನಲ್ಲಿ ಅಲ್ಲಿ ಪಂಪು ಕೂಡಿಸಿದರು. ಕೊಳಕು ನೀರನ್ನು ಮೇಲೆತ್ತುವುದು, ಶುದ್ಧ ಮಾಡುವುದು. ಸರಳ ಉಪಾಯ. ಮೊದಮೊದಲು ವಿಷದ ಪ್ರಮಾಣ ಇಳಿಯುತ್ತದೆ, ಅಧಿಕಾರಿಗಳ ಮುಖ ಅರಳುತ್ತದೆ. ಆಮೇಲೆ ಅಷ್ಟಕ್ಕೇ ನಿಲ್ಲುತ್ತದೆ. ವರ್ಷ ಹೋದರೂ ಇಳಿಯದು. ಪಂಪು ನಿಲ್ಲಿಸಿದಿರೋ, ಮತ್ತೆ ಏರುತ್ತದೆ.

ಯಾಕೆ ಹೀಗೆ? ಮನೆಯ ಹಿತ್ತಲಲ್ಲೇ ಉತ್ತರವಿದೆ. ಮಣ್ಣಿನ ಗಡಿಗೆಯಲ್ಲಿ ನಾಲ್ಕು ತಿಂಗಳು ಸೀಮೆಎಣ್ಣೆ ತುಂಬಿಟ್ಟು, ಆಮೇಲೆ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು ನೀರು ತುಂಬಿಸಿ. ಅವತ್ತು ಸರಿಯಾಗೇ ಇರುತ್ತದೆ. ಬೆಳಗಾದರೆ ವಾಸನೆ. ಗಡಿಗೆಯ ಗೋಡೆ ಎಣ್ಣೆ ಕುಡಿದಿದೆ. ತೊಳೆದದ್ದು ಗಡಿಗೆಯ ಒಳಮೈ ಮಾತ್ರ.

ಬಂಡೆಯೂ ಅದನ್ನೇ ಮಾಡುತ್ತದೆ. ಕಣ್ಣಿಗೆ ಗಟ್ಟಿಯಾಗಿ ಕಂಡರೂ ಮಡ್‌ಸ್ಟೋನಿನೊಳಗೆ ಸೂಕ್ಷ್ಮ ರಂಧ್ರಗಳು, ರಂಧ್ರಗಳಲ್ಲಿ ಕದಲದ ನೀರು. ಬಿರುಕಿನಲ್ಲಿರುವ ಟಿಸಿಇ ಕರಗಿ, ವರ್ಷಗಟ್ಟಲೆ ಆ ರಂಧ್ರಗಳಿಗೆ ಇಂಗುತ್ತದೆ. 1994ರಲ್ಲಿ ಬೆತ್ ಪಾರ್ಕರ್, ರಾಬರ್ಟ್ ಗಿಲ್‌ಹ್ಯಾಮ್, ಜಾನ್ ಚೆರ್ರಿ ಎಂಬ ಮೂವರು ಒಂದು ಲೆಕ್ಕ ಮುಂದಿಟ್ಟರು: ಬಿರುಕಿನೊಳಗಿನ ದ್ರವ ಕ್ರಮೇಣ ಪೂರ್ತಿ ಮಾಯವಾಗಬಹುದು, ಆದರೆ ಹೋದದ್ದು ಎಲ್ಲಿಗೂ ಅಲ್ಲ, ಅಕ್ಕಪಕ್ಕದ ಕಲ್ಲಿಗೆ. ಬಿರುಕು ತೊಳೆದ ಮೇಲೆ ಕಲ್ಲು ಅದನ್ನೇ ತೊಟ್ಟು ತೊಟ್ಟಾಗಿ ವಾಪಸು ಬಿಡುತ್ತದೆ. ಒಳಗೆ ಹೋಗಲು ನಲವತ್ತು ವರ್ಷ ತೆಗೆದುಕೊಂಡದ್ದು ಹೊರಗೆ ಬರಲು ನಾಲ್ಕು ವರ್ಷ ಸಾಕು ಅನ್ನುತ್ತದೆಯೇ? ಇದೇ ಚೆರ್ರಿಗೆ 2020ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಪಂಪು ಒಂದನ್ನೇ ನಂಬಿ ಕೂರಬೇಡಿ ಅಂತ 1989ರಲ್ಲೇ ಡಗ್ಲಸ್ ಮೆಕೇ ಜೊತೆ ಸೇರಿ ಬರೆದಿದ್ದವರು ಆತ.

ಎಣ್ಣೆ ಉಣಿಸಿ ಹುಳ ಸಾಕಿದ್ದು

ಎಂಜಿನ್ನಿನ ಶಾಲೆ ಮುಚ್ಚಿದ ಮೇಲೆ ವೆಸ್ಟ್ ಟ್ರೆಂಟನ್ ಬಂಡೆಯ ಶಾಲೆಯಾಯಿತು. ಅಮೆರಿಕದ ಭೂವಿಜ್ಞಾನ ಇಲಾಖೆ, ಅಂದರೆ ಯುಎಸ್‌ಜಿಎಸ್, ಅಲ್ಲಿ ಬಿಡಾರ ಹೂಡಿತು. ಬಂಡೆಯನ್ನು ಕಂಬ ಕಂಬವಾಗಿ ಕೊರೆದು ತೆಗೆದು, ಪುಡಿ ಮಾಡಿ, ಒಳಗೆಷ್ಟು ವಿಷವಿದೆ ಅಂತ ನೋಡಿದರು. ಬಿರುಕಿನ ನೀರಿನಲ್ಲಿದ್ದದ್ದು ಚಿಲ್ಲರೆ, ಬಂಡವಾಳವೆಲ್ಲ ಕಲ್ಲಿನೊಳಗೆ. ಇಂಗಾಲ ಹೆಚ್ಚಿರುವ ಕಪ್ಪು ಪದರಗಳಂತೂ ಅದನ್ನು ಅಪ್ಪಿ ಹಿಡಿದುಕೊಂಡಿದ್ದವು.

2008ರ ಅಕ್ಟೋಬರಿನಲ್ಲಿ ಒಂದು ಬಾವಿಗೆ ವಿಚಿತ್ರ ಅಡುಗೆ ಸುರಿದರು. ನೀರಿನಲ್ಲಿ ಹಾಲಿನಂತೆ ಕದಡಿದ ಸಸ್ಯದ ಎಣ್ಣೆ, ಅದರ ಜೊತೆ ಡಿಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಈ ಜೀವಿಯ ಕುಲ ಯಾವ ದೊಡ್ಡ ಮನೆತನದ್ದೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಚರಂಡಿ ನೀರಿನ ಘಟಕದ ಕೊಚ್ಚೆಯಿಂದ ಅದರ ಒಂದು ತಳಿಯನ್ನು ಬೇರ್ಪಡಿಸಿದ ಸುದ್ದಿ 1997ರಲ್ಲಿ ಪ್ರಕಟವಾಗಿತ್ತು. ಮನುಷ್ಯ ಆಮ್ಲಜನಕ ಉಸಿರಾಡಿದ ಹಾಗೆ ಇದು ಟಿಸಿಇಯನ್ನೇ ಉಸಿರಾಡುತ್ತದೆ. ಎಣ್ಣೆ ಕೊಳೆತು ಹುಟ್ಟುವ ಹೈಡ್ರೋಜನ್ ಅದರ ಊಟ. ಒಂದೊಂದೇ ಕ್ಲೋರಿನ್ ಕಿತ್ತು, ಕಿತ್ತು, ಕೊನೆಗೆ ಉಳಿಯುವುದು ಎಥಿಲೀನ್. ಬಾಳೆಗೊನೆ ಹಣ್ಣಾಗಿಸುವ ಅದೇ ಅನಿಲ.

ನಡುವೆ ಒಂದು ಗಂಡಾಂತರವಿದೆ. ಕೊನೆಯ ಮೆಟ್ಟಿಲಿಗಿಂತ ಒಂದು ಮೊದಲು ವಿನೈಲ್ ಕ್ಲೋರೈಡ್ ಹುಟ್ಟುತ್ತದೆ. ಅದೂ ಕ್ಯಾನ್ಸರ್‌ಕಾರಕ. ಕೆಲಸ ಅರ್ಧಕ್ಕೆ ನಿಂತರೆ ಹುಲಿ ಹೋಗಿ ಚಿರತೆ ಬಂದ ಹಾಗೆ. ಪೂರ್ತಿ ದಡ ಮುಟ್ಟಿಸುವ ತಳಿಯನ್ನೇ ಬಿಡಬೇಕು, ಊಟ ಮುಗಿಯದಂತೆ ನೋಡಿಕೊಳ್ಳಬೇಕು.

ಫಲಿತಾಂಶ ಬಂತು. ಎಣ್ಣೆ ತಲುಪಿದ ಬಿರುಕುಗಳಲ್ಲಿ ಟಿಸಿಇ ಧಡಕ್ಕನೆ ಇಳಿಯಿತು. ಬಿರುಕಿನ ನೀರು ತಿಳಿಯಾದ್ದರಿಂದ ಕಲ್ಲು ಮೊದಲಿಗಿಂತ ಬೇಗ ಬೇಗ ವಿಷ ಬಿಟ್ಟುಕೊಟ್ಟಿತು. ಅಲ್ಲಿಗೆ ಚಪ್ಪಾಳೆ. ಆದರೆ ಕಲ್ಲಿನೊಳಗೆ ಉಳಿದಿರುವ ಗಂಟಿನ ಮುಂದೆ ಹೊರಬಂದದ್ದು ಸಣ್ಣದು. ಹೀಗೇ ನಡೆದರೂ ದಶಕಗಳ ಮಾತು ಅಂತ ಅದೇ ವಿಜ್ಞಾನಿಗಳು ಬರೆದರು. ಮುಚ್ಚಿಡದೆ ಬರೆದದ್ದನ್ನು ಮೆಚ್ಚಬೇಕು.

2009ರಲ್ಲಿ ಅದೇ ಆವರಣದ ಇನ್ನೊಂದು ಕಡೆ ಬಂಡೆಗೆ ಹೀಟರುಗಳನ್ನಿಟ್ಟು ಬೇಯಿಸಿಯೂ ನೋಡಿದರು. ಕಾದ ಬಂಡೆ ವಿಷವನ್ನು ಆವಿಯಾಗಿ ಬಿಡುತ್ತದೆ, ಅದನ್ನು ಹೀರಿ ತೆಗೆಯುವುದು. ಕೆಲಸವಾಗುತ್ತದೆ, ಕರೆಂಟಿನ ಬಿಲ್ಲನ್ನು ಯಾರು ಕಟ್ಟುತ್ತಾರೆ ಅನ್ನುವುದೇ ಪ್ರಶ್ನೆ. ಬಿರುಕಿನಿಂದ ತಣ್ಣೀರು ನುಗ್ಗುತ್ತಿದ್ದರೆ ಹೊತ್ತಿಸಿದ ಒಲೆಗೆ ನೀರು ಹೊಯ್ದಂತೆ. ಸಣ್ಣ ಜಾಗಕ್ಕಾದರೆ ಸೈ, ಇಡೀ ಬಯಲಿಗೆ ಆಗದ ಮಾತು.

ಇದು ಒಂದೂರಿನ ಗೋಳಲ್ಲ. ಅಮೆರಿಕದಲ್ಲಿ ಶುದ್ಧೀಕರಣ ಮುಗಿಯದೆ ಉಳಿದ ಜಾಗಗಳು ಕಡಿಮೆಯೆಂದರೂ 1,26,000 ಅಂತ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಲೆಕ್ಕ ಕೊಟ್ಟಿತು. ಬಾಕಿ ಖರ್ಚು 11,000 ಕೋಟಿಯಿಂದ 12,700 ಕೋಟಿ ಡಾಲರು. ರೂಪಾಯಿಯಲ್ಲ, ಡಾಲರು! ಅದರಲ್ಲಿ ಹತ್ತರಲ್ಲೊಂದು ಪಾಲು ಮುಂದಿನ ಐವತ್ತರಿಂದ ನೂರು ವರ್ಷಕ್ಕೂ ಮುಗಿಯುವಂಥದ್ದಲ್ಲ ಅಂದರು. 2024ರ ಡಿಸೆಂಬರಿನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಟಿಸಿಇಯನ್ನೇ ನಿಷೇಧಿಸುವ ನಿಯಮ ಹೊರಡಿಸಿತು. ಹೊರಡಿಸಿದ್ದೇ ತಡ, ಕೋರ್ಟಿನ ಮೆಟ್ಟಿಲೇರಿತು.

ನಮ್ಮ ಕಡೆಯ ಕಲ್ಲು ಬೇರೆ. ಕರ್ನಾಟಕದ ಬಹುಭಾಗದ ಕಗ್ಗಲ್ಲು, ಗ್ರಾನೈಟು, ನೈಸ್ ಶಿಲೆ ಆ ಮಡ್‌ಸ್ಟೋನಿನಷ್ಟು ಕುಡಿಯಲಾರವು. ಸಮಾಧಾನ ಪಡುವ ಮುನ್ನ ಒಂದು ಮಾತು: ಆ ಕಗ್ಗಲ್ಲಿನ ಮೇಲೆ ಕೂತಿರುವ ಶಿಥಿಲ ಕಲ್ಲಿನ ಪದರ ಚೆನ್ನಾಗಿಯೇ ಕುಡಿಯಬಲ್ಲದು, ಬೋರ್‌ವೆಲ್ಲಿಗೆ ನೀರು ಬಹಳ ಕಡೆ ಇಳಿದು ಬರುವುದು ಅದರ ಮೂಲಕವೇ. ಲೋಹದ ಜಿಡ್ಡು ತೊಳೆಯುವ ಕೆಲಸ ಇಲ್ಲಿನ ಕೈಗಾರಿಕಾ ಪ್ರದೇಶಗಳಿಗೂ ಹೊಸದಲ್ಲ. ಆದರೂ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಪಟ್ಟಿಯಲ್ಲಿ ಸೀಸವಿತ್ತು, ಪಾದರಸವಿತ್ತು, ಕ್ಲೋರೋಫಾರಂ ಕೂಡ ಇತ್ತು, ಟಿಸಿಇಗೆ ಜಾಗವಿರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಹುಡುಕುವವರು ಯಾರು?

ಹುಡುಕುವುದಕ್ಕೂ ಒಂದು ಕ್ರಮವಿದೆ. ಬಿಸ್ಲೇರಿ ಬಾಟಲಿಯಲ್ಲಿ ಅರ್ಧ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕೊಟ್ಟರೆ ದಾರಿಯಲ್ಲೇ ಟಿಸಿಇ ಒಂದಿಷ್ಟು ಗಾಳಿಗೆ ಹಾರಿಹೋಗಿರುತ್ತದೆ, ವರದಿ ಇರುವುದಕ್ಕಿಂತ ಶುದ್ಧವಾಗಿ ಬರಬಹುದು. 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ನೀರು ತುಳುಕುವ ತನಕ ತುಂಬಿಸಿ, ಬಿರಡೆ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಬೇಕು. ಒಳಗೆ ಒಂದು ಗುಳ್ಳೆ ಎದ್ದರೂ ಆ ನೀರು ಚೆಲ್ಲಿ, ಬೇರೆ ಸೀಸೆ ತೆಗೆದು, ಮತ್ತೆ ತುಂಬಿಸಬೇಕು.