ಇಲ್ಲವೆಂದ ಚರಿತ್ರೆಯನ್ನು ಹುಡುಕಿದವರು

ಕೆರಿಬಿಯನ್ ಕಡಲಿನ ಪೋರ್ಟೊ ರೀಕೋ ದ್ವೀಪದಲ್ಲಿ ಗುಲಾಮಗಿರಿ ರದ್ದಾದುದು 1873ರಲ್ಲಿ. ಮರುವರ್ಷವೇ ಅಲ್ಲಿ ಆರ್ತುರೋ ಶಾಂಬರ್ಗ್ ಹುಟ್ಟಿದನು. ಬಾಲಕನಾಗಿದ್ದಾಗ ಶಾಲೆಯ ಉಪಾಧ್ಯಾಯರೊಬ್ಬರು, ಕಪ್ಪು ಜನಕ್ಕೆ ಚರಿತ್ರೆಯೂ ಇಲ್ಲ, ಹೆಸರಿಸಬಹುದಾದ ಮಹಾಪುರುಷರೂ ಇಲ್ಲ ಎಂದು ಆತನಿಗೆ ಹೇಳಿದರಂತೆ. ಬಾಲಕನು ಆ ಮಾತನ್ನು ಮರೆಯಲಿಲ್ಲ, ನಂಬಲೂ ಇಲ್ಲ.

1891ರಲ್ಲಿ ನ್ಯೂಯಾರ್ಕಿಗೆ ಬಂದ ಶಾಂಬರ್ಗನು ಕೆಲಕಾಲದ ಮೇಲೆ ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಉದ್ಯೋಗ ಹಿಡಿದನು. ಹಗಲೆಲ್ಲ ಕಾಗದಪತ್ರಗಳ ವಿಲೇವಾರಿ. ಬಿಡುವು ಸಿಕ್ಕಿತೆಂದರೆ ಹಳೆಯ ಪುಸ್ತಕಗಳ ಬೇಟೆ. ಗುಮಾಸ್ತೆಯ ಸಂಬಳದಲ್ಲಿ ಇಂಥ ಹವ್ಯಾಸವನ್ನು ಸಾಕುವುದು ಎಷ್ಟು ಕಷ್ಟವೆಂಬುದನ್ನು ಪುಸ್ತಕಪ್ರಿಯರ ಮನೆಯವರು ಬಲ್ಲರು! ಆದರೆ ಆತನ ಕೈಗೆ ದೊರೆತ ವಸ್ತುಗಳು ಸಾಮಾನ್ಯವಾದವಲ್ಲ. ಗುಲಾಮನಾಗಿ ಬಾಳನ್ನಾರಂಭಿಸಿ ಸ್ಪೇನಿನ ಗ್ರನಾಡದಲ್ಲಿ ಲ್ಯಾಟಿನ್ ಪಂಡಿತನೆನಿಸಿಕೊಂಡ ಹ್ವಾನ್ ಲಾತಿನೋನ ಪದ್ಯಗಳು 1573ರಲ್ಲಿಯೇ ಅಚ್ಚಾಗಿದ್ದವು. ಫಿಲಿಸ್ ವೀಟ್ಲಿಯ ಕವನಸಂಗ್ರಹ 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಈಕೆ ಏಳೆಂಟು ವರ್ಷದ ಕೂಸಾಗಿದ್ದಾಗ, 1761ರಲ್ಲಿ, ಬಾಸ್ಟನ್ನಿನಲ್ಲಿ ಮಾರಾಟಕ್ಕೊಳಗಾದವಳು. ಆಕೆಯನ್ನು ಹೊತ್ತು ತಂದ ಹಡಗಿನ ಹೆಸರೇ ಫಿಲಿಸ್. ಕೊಂಡವರು ಅದನ್ನೇ ಮಗುವಿಗೂ ಇಟ್ಟರು. ತಾಯಿ ಕರೆದ ಹೆಸರು ಯಾವ ಕಾಗದದಲ್ಲಿಯೂ ಉಳಿದಿಲ್ಲ.

1926ರಲ್ಲಿ ಕಾರ್ನೆಗಿ ಸಂಸ್ಥೆಯು ನೀಡಿದ 10,000 ಡಾಲರುಗಳಿಂದ ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯವು ಶಾಂಬರ್ಗನ ಭಂಡಾರವನ್ನು ಕೊಂಡು, ಹಾರ್ಲೆಮ್ ಬಡಾವಣೆಯ ತನ್ನ ಶಾಖೆಯಲ್ಲಿ ಇರಿಸಿತು. ಪುಸ್ತಕಗಳೇ 5,000ಕ್ಕೂ ಮಿಕ್ಕಿದ್ದವು. ಮಾರಿದವನು ಆ ಹಣದಿಂದ ಮಾಡಿದ್ದೇನು? ಇನ್ನಷ್ಟು ದಾಖಲೆಗಳನ್ನು ಹುಡುಕಲು ಯೂರೋಪಿಗೆ ಹಡಗು ಹತ್ತಿದನು. 1932ರಿಂದ 1938ರಲ್ಲಿ ಸಾಯುವವರೆಗೆ ಆ ಭಂಡಾರಕ್ಕೆ ಆತನೇ ಪಾಲಕನಾಗಿದ್ದನು. ಈಗ ಆ ಸಂಶೋಧನ ಕೇಂದ್ರಕ್ಕೆ ಆತನದೇ ಹೆಸರು.

ಸಂಗ್ರಹಿಸಿದ ಮಾತ್ರಕ್ಕೆ ಪುಸ್ತಕವು ಓದುಗನ ಕೈಗೆ ಸಿಕ್ಕೀತೆ? ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ 1930ರಲ್ಲಿ ಈ ಬಗೆಯ ಸಂಗ್ರಹದ ಹೊಣೆ ಹೊತ್ತ ಡೊರೊಥಿ ಪೋರ್ಟರ್ ಎಂಬಾಕೆಗೆ ಬೇರೊಂದು ತೊಡಕು ಎದುರಾಯಿತು. ಡ್ಯೂಯಿ ವರ್ಗೀಕರಣವನ್ನು ಅನುಸರಿಸುತ್ತಿದ್ದ ಗ್ರಂಥಾಲಯಗಳು ಕಪ್ಪು ಜನರು ಬರೆದುದನ್ನೆಲ್ಲ, ಕಾವ್ಯವನ್ನು ಸಹ, ವಸಾಹತು ವಿಷಯದ 325 ಅಥವಾ ಗುಲಾಮಗಿರಿಯ 326ರ ಕೆಳಗೆ ತುರುಕುತ್ತಿದ್ದವು. ಕವಿಯಾದವನನ್ನು ಕಾವ್ಯದ ಕಪಾಟಿನಲ್ಲಿಡಬೇಕೆಂಬುದು ಆಕೆಯ ಹಟ. ವಿಷಯಕ್ಕೆ ತಕ್ಕಂತೆ ಎಲ್ಲವನ್ನೂ ಹೊಸದಾಗಿ ವಿಂಗಡಿಸಿದಳು. ಸಣ್ಣ ಕೆಲಸವೆಂದು ತೋರಬಹುದು. ಸರಿಯಾದ ಸಂಖ್ಯೆಯಿಲ್ಲದ ಪುಸ್ತಕವು ಕಳೆದುಹೋದ ಪುಸ್ತಕವೇ.

ಗ್ರಂಥಕರ್ತರ ಗತಿಯೇ ಹೀಗಾದರೆ, ಅಕ್ಷರ ಕಲಿಯಲು ಬಿಡದಿದ್ದ ಸಾಮಾನ್ಯರ ಪಾಡೇನು? ಅಮೆರಿಕೆಯ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿಗಳಿದ್ದವು. ಒಡೆಯನ ಹೆಸರು ಮೇಲೆ. ಅದರಡಿಯಲ್ಲಿ ವಯಸ್ಸು, ಲಿಂಗ, ಮೈಬಣ್ಣ, ಅಷ್ಟೆ. ಬಿಡುಗಡೆ ಹೊಂದಿದವರೆಲ್ಲರ ಹೆಸರುಗಳು ಗಣತಿಯಲ್ಲಿ ಮೂಡಿದುದು 1870ರಲ್ಲಿ. ಮುತ್ತಜ್ಜಿಯನ್ನು ಹುಡುಕುತ್ತ ಹೊರಟ ಮೊಮ್ಮಗನು ಆ ವರ್ಷದವರೆಗೆ ಸಲೀಸಾಗಿ ಸಾಗಿ, ಅಲ್ಲಿ ಗೋಡೆಗೆ ಹಾಯ್ದಂತೆ ನಿಲ್ಲುತ್ತಾನೆ. ಅದರಾಚೆಗೆ ಹೋಗಬೇಕಾದರೆ ಒಡೆಯರ ಮನೆಯ ಕಾಗದಗಳೇ ಗತಿ: ಉಯಿಲು, ಕ್ರಯಪತ್ರ, ಸಾಲದ ಲೆಕ್ಕ. ಇವೆಲ್ಲಕ್ಕಿಂತ ವಿಚಿತ್ರವಾದುದು ಹಳೆಯ ಪತ್ರಿಕೆಗಳಲ್ಲಿನ, ಓಡಿಹೋದ ಗುಲಾಮರ ಜಾಹೀರಾತು. ಹಿಡಿದು ತರಬೇಕಲ್ಲವೆ? ಅದಕ್ಕಾಗಿ ಒಡೆಯನು ಹೆಸರು, ಎತ್ತರ, ಕಸುಬು, ಮೈಮೇಲಿನ ಗಾಯದ ಕಲೆಗಳನ್ನು ಕೂಡ ವಿವರವಾಗಿ ಬರೆದನು. ಬಂಧಿಸಲೆಂದು ಬರೆದ ವರ್ಣನೆಯೇ ಇಂದು ವಂಶಜರಿಗೆ ಪೂರ್ವಿಕರ ಏಕೈಕ ಭಾವಚಿತ್ರವಾಗಿ ಒದಗುವುದುಂಟು.

ಹಾರ್ಲೆಮ್ಮಿನ ಆ ಕೇಂದ್ರದಲ್ಲಿ 2013ರಲ್ಲಿ ಭಾರತದ ಆಫ್ರಿಕನ್ನರನ್ನು ಕುರಿತು ಪ್ರದರ್ಶನವೊಂದು ನಡೆಯಿತು. ಆದಿಲಶಾಹಿಯ ಬಿಜಾಪುರದಲ್ಲಿ ಮಂತ್ರಿಪದವಿಗೇರಿದ ಹಬಶಿ ಇಖ್ಲಾಸ್‌ಖಾನನು ಇಂಥ ಚರಿತ್ರೆಗೆ ಸೇರಿದವನು; ಆಸ್ಥಾನದ ಚಿತ್ರಕಾರರಿಂದಾಗಿ ಆತನ ಮುಖವಾದರೂ ಉಳಿಯಿತು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ನೆಲೆಸಿದ ಸಿದ್ದಿಗಳಿಗೆ ಆ ಭಾಗ್ಯವಿಲ್ಲ. ಅವರಲ್ಲಿ ಅನೇಕರ ಹಿರಿಯರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದವರೆಂದು ವಿದ್ವಾಂಸರು ಹೇಳುತ್ತಾರೆ. ಅವರ ಹೆಸರುಗಳನ್ನು ಅರಸುವವನು, ಅವರನ್ನು ಕೊಂಡವರ ಭಾಷೆಯನ್ನು ಕಲಿತು, ಗೋವೆಯ ಹಳೆಯ ದಫ್ತರಗಳ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ.