ಎರಡು ಚಿತ್ರಗಳ ನಡುವಣ ತೆರವು

ಬಸವಕಲ್ಯಾಣದ ಸಮೀಪದ ನಾರಾಯಣಪುರ ನನ್ನ ಅಕ್ಕನ ಊರು. ಅವಳ ಮೊಮ್ಮಗ ಚಿತ್ರಕಲೆಯ ವಿದ್ಯಾರ್ಥಿ. ಎರಡು ವರ್ಷಗಳ ಹಿಂದೆ, ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ, ಹುಡುಗ ಪಡಸಾಲೆಯಲ್ಲಿ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದ ಶಿಲಾಬಾಲಿಕೆಯರಲ್ಲಿ ಒಬ್ಬಳನ್ನು ಗೋಡೆಯಿಂದ ಇಳಿಸಿ ನಡೆಯಿಸಬೇಕೆಂಬುದು ಅವನ ಹಂಬಲ. 16 ಹಾಳೆಗಳ ಮೇಲೆ ಅವಳನ್ನು ಬರೆದು, ಒಂದು ಬದಿಯನ್ನು ಬಿಗಿದು, ಇನ್ನೊಂದು ಬದಿಯನ್ನು ಹೆಬ್ಬೆರಳಿನಿಂದ ಸರಸರನೆ ಬಿಡುತ್ತಿದ್ದ. “ಮುತ್ಯಾ, ಚಿತ್ರ ಛಂದ ಬಂದಾವ. ಆದ್ರ ಆಕಿ ನಡೀವಲ್ಲಳು” ಎಂದ.

ಇದು ಮಕ್ಕಳಾಟವೆಂದೇ ನಾನು ಬಗೆದಿದ್ದೆ. ಆದರೆ ಈ ಆಟಕ್ಕೆ ಒಂದು ಇತಿಹಾಸವಿದೆ. ಇಂತಹ ಪುಸ್ತಕಕ್ಕೆ ಇಂಗ್ಲೆಂಡಿನ ಜಾನ್ ಬಾರ್ನ್ಸ್ ಲಿನೆಟ್ 1868ರಲ್ಲಿಯೇ ಪೇಟೆಂಟ್ ಪಡೆದಿದ್ದ. ನಮ್ಮ ದಾದಾಸಾಹೇಬ ಫಾಲ್ಕೆಯವರೂ 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮುನ್ನ ಬಟಾಣಿ ಗಿಡವೊಂದರ ಬೆಳವಣಿಗೆಯನ್ನು ಬಿಡಿಬಿಡಿಯಾಗಿ ಚಿತ್ರಿಸಿ, ದಿನಗಳ ಬೆಳವಣಿಗೆಯನ್ನು ಕ್ಷಣಗಳಲ್ಲಿ ತೋರಿಸಿದ್ದರು. ತೊಗಲು ಗೊಂಬೆಯನ್ನು ಕುಣಿಸುವ ಕೈ ಆಟ ಮುಗಿಯುವ ತನಕ ಪರದೆಯ ಹಿಂದೆಯೇ ಇರಬೇಕು. ಇಲ್ಲಿಯಾದರೋ ಕೈ ತನ್ನ ಕೆಲಸವನ್ನು ಮೊದಲೇ ಮುಗಿಸಿ ಮರೆಯಾಗಿರುತ್ತದೆ.

ಚಲನೆ ಹುಟ್ಟುವುದು ಎಲ್ಲಿ? ಹಿಂದಿನ ಚಿತ್ರ ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದೇ ಕಾರಣವೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಎರಡು ನಿಲುವುಗಳನ್ನು ಬೆಸೆದು ಚಲನೆಯನ್ನು ಕಾಣುವುದು ಮುಖ್ಯವಾಗಿ ಮಿದುಳಿನ ಕೆಲಸವೆಂದು ಈಗ ತಿಳಿದಿದೆ. ಸಿನಿಮಾದಲ್ಲಿ ಕ್ಷಣಕ್ಕೆ 24 ಚೌಕಟ್ಟುಗಳು ಓಡುತ್ತವೆ. ಕೈಯಿಂದ ಬರೆಯುವವರು ಅನೇಕ ವೇಳೆ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿ, 12 ಚಿತ್ರಗಳಲ್ಲಿಯೇ ಕೆಲಸ ಸಾಧಿಸುತ್ತಾರೆ.

ಹಾಗಾದರೆ ಹುಡುಗನ ಬಾಲಿಕೆ ಏಕೆ ನಡೆಯಲಿಲ್ಲ? ಅವನು ಹೆಜ್ಜೆಯನ್ನು ಸಮಸಮವಾಗಿ ಭಾಗಿಸಿದ್ದ. ತಲೆಯನ್ನು ಒಂದೇ ಎತ್ತರದಲ್ಲಿ ಇರಿಸಿದ್ದ. ಅವಳು ದಾರ ಕಟ್ಟಿ ಎಳೆದ ಆಟಿಕೆಯಂತೆ ಜಾರುತ್ತಿದ್ದಳು. ನಿಜವಾದ ನಡಿಗೆಯಲ್ಲಿ ಕಾಲುಗಳು ಅಗಲಿದಾಗ ದೇಹ ತಗ್ಗುತ್ತದೆ. ಒಂದು ಕಾಲು ಇನ್ನೊಂದನ್ನು ದಾಟುವಾಗ ಏರುತ್ತದೆ. ವೇಗವೂ ಒಂದೇ ಸಮನಾಗಿರುವುದಿಲ್ಲ. ನಿಧಾನವಾದೆಡೆ ಚಿತ್ರಗಳು ಒತ್ತೊತ್ತಾಗಿ, ವೇಗವಾದೆಡೆ ದೂರದೂರವಾಗಿ ಬರಬೇಕು. ಜೀವವಿರುವುದು ಚಿತ್ರದಲ್ಲಲ್ಲ, ಎರಡು ಚಿತ್ರಗಳ ನಡುವಣ ಅಂತರದಲ್ಲಿ. ಶಬ್ದಗಳು ಹೇಳದೆ ಬಿಟ್ಟುದರಲ್ಲಿ ಕಾವ್ಯದ ಆತ್ಮವನ್ನು ಕಂಡ ಆನಂದವರ್ಧನನ ಧ್ವನಿತತ್ತ್ವವನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ, ಅದರ ಇನ್ನೊಂದು ಉದಾಹರಣೆ ಆ ಪಡಸಾಲೆಯಲ್ಲಿ ದೊರೆಯಿತು.

ಹುಡುಗ ಶಿಲಾಬಾಲಿಕೆಯನ್ನು ಬದಿಗಿಟ್ಟು, ಅಜ್ಜಿಗೆ ಅಂಗಳದಲ್ಲಿ ನಡೆದಾಡಲು ಹೇಳಿದ. ಅಕ್ಕನಿಗೆ ಬಲಮೊಣಕಾಲಿನ ನೋವು. “ಈ ಕುಂಟ ನಡಿಗಿ ಯಾಕ ಬರೀತಿ, ಮಗಾ?” ಎಂದು ನಗುತ್ತಲೇ ನಡೆದಳು. ನೋವಿನ ಕಾಲಿನ ಮೇಲೆ ಅವಳು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಎಡಗಾಲು ಅವಸರದಿಂದ ಮುಂದೆ ಬರುತ್ತಿತ್ತು, ಬಲಗಾಲು ಅಳುಕುತ್ತ ಬರುತ್ತಿತ್ತು. ಹುಡುಗ ಎಣಿಸಿಕೊಂಡ. ಗಾಜಿನ ಹಲಗೆಯ ಕೆಳಗೆ ದೀಪವಿಟ್ಟು, ಹಾಳೆಗಳು ಕದಲದಂತೆ ಎರಡು ಮೊಳೆಗಳಿಗೆ ಸಿಕ್ಕಿಸಿ, ಹಿಂದಿನ ಗೆರೆಯನ್ನು ನೋಡುತ್ತ ಮುಂದಿನದನ್ನು ಬರೆದ. ಎಡಗಾಲಿಗೆ ಕೆಲವೇ ಚಿತ್ರಗಳು, ಬಲಗಾಲಿಗೆ ಹಲವು, ಒಟ್ಟು 24. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಹಾಳೆಗಳನ್ನು ಬಿಟ್ಟಾಗ, ಮುಖವನ್ನೇ ಬರೆಯದಿದ್ದ ಆ ಆಕೃತಿಯನ್ನು ಕಂಡು ಮನೆಯವರೆಲ್ಲ ಒಮ್ಮೆಲೇ ಅವಳ ಹೆಸರು ಹೇಳಿದರು.

ಕಳೆದ ವರ್ಷ ಅಕ್ಕ ತೀರಿಕೊಂಡಳು. ಗೋಡೆಯ ಮೇಲಿನ ಭಾವಚಿತ್ರದಲ್ಲಿ ಅವಳ ಮುಖವಿದೆ. ನಡಿಗೆ ಇರುವುದು ಆ 24 ಹಾಳೆಗಳಲ್ಲಿ. ಹೋದಾಗಲೆಲ್ಲ ನಾನು ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಹೆಬ್ಬೆರಳು ತಾಗಿ ಅಂಚುಗಳು ಸವೆದಿವೆ. ಹುಡುಗ ಇನ್ನೊಂದು ಪ್ರತಿಯನ್ನು ಬರೆಯುತ್ತಿದ್ದಾನೆ.