ಚರ್ಮದ ಕಾಂತಿ ಮತ್ತು ಬಿಳುಪಿನ ವ್ಯಾಮೋಹ

ಚರ್ಮದಲ್ಲಿ ಚರಕರು 6 ಪದರಗಳನ್ನೂ ಸುಶ್ರುತರು 7 ಪದರಗಳನ್ನೂ ಹೇಳಿದ್ದಾರೆ. ಸುಶ್ರುತರ ಪ್ರಕಾರ ಮೊದಲನೆಯದು ‘ಅವಭಾಸಿನೀ’. ಮೈಬಣ್ಣವನ್ನು ತೋರುವುದು ಇದೇ. ಆಧುನಿಕ ವೈದ್ಯಶಾಸ್ತ್ರವು ಹೊರಚರ್ಮ, ಒಳಚರ್ಮ, ಅದರಡಿಯ ಕೊಬ್ಬಿನ ಪದರ ಎಂದು ಮೂರಾಗಿ ವಿಂಗಡಿಸುತ್ತದೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶಗಳು ಸುಮಾರು 4 ವಾರಗಳಲ್ಲಿ ಮೇಲೇರಿ ಉದುರುತ್ತವೆ. ಅಲ್ಲಿಯೇ ತಯಾರಾಗುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆದುದರಿಂದ ಕಪ್ಪು ಬಣ್ಣವು ದೋಷವಲ್ಲ, ರಕ್ಷಣೆ.

ಉಪ್ಪಾರಹಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಮದುವೆ ನಿಶ್ಚಯವಾದ ಹೆಣ್ಣುಮಕ್ಕಳು, ಬೆಳ್ಳಗಾಗಲೆಂದು ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ, ಮುಖದ ಉರಿಯಿಂದ ನೊಂದು ಬರುತ್ತಾರೆ. ಇದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ಥಟ್ಟನೆ ನಿಲ್ಲಿಸಿದರೂ ಉರಿ ಹೆಚ್ಚಬಹುದು. ವೈದ್ಯರನ್ನು ಕಂಡೇ ಬಿಡಬೇಕು. ಬ್ಯೂಟಿ ಪಾರ್ಲರ್ ವಿದ್ಯೆ ಕಲಿಯುವ ಮಕ್ಕಳು ಮೊದಲು ಇದನ್ನು ಅರಿಯಲಿ.